ಕಿವಿ ಕೊಯ್ದ ಲಕೋಟೆ

ನಂದೀಶ್ವರಯ್ಯ ಲಕೋಟೆಯನ್ನು ತೊಡೆಯ ಕೆಳಗೆ ಸೇರಿಸಿ, ಭಾರ ಬಿಟ್ಟು ಕೂತ.

"ಮೊದಲು ಬಾಯಿ ಬಿಡು. ಆಮೇಲೆ ನೋಡುವಂತೆ."

ಕೊಲ್ಲಾಪುರಮ್ಮ ಜಗಲಿಯ ಕೆಳಗೆ ನಿಂತಿದ್ದಳು. ಅವಳ ಕಣ್ಣು ಅವನ ಮುಖದ ಮೇಲಿರಲಿಲ್ಲ, ಪಂಚೆಯಂಚಿನಿಂದ ಇಣುಕುತ್ತಿದ್ದ ಉಗುರಗಲದ ಕಂದು ಕಾಗದದ ಮೇಲಿತ್ತು. ಉರಿಬಿಸಿಲು. ಅವನ ತೊಡೆಯ ಬೆವರಿಗೆ ಆ ಕಾಗದ ಮೆತ್ತಗಾಗುತ್ತಿರುವುದು ಹುಣಸೆಮರದ ಕೆಳಗೆ ನಿಂತಿದ್ದ ನಮಗೂ ಕಾಣುತ್ತಿತ್ತು.

"ಏನಂತ ಬಾಯಿ ಬುಡಾನ ಅಯ್ನೋರೆ? ದುಡ್ಡಿಲ್ಲ. ನಂಗ್ ಬ್ಯಾಡ. ಒಂದ್ ಕಿತ ತೋರ್ಸಿ ವಾಪಸ್ ಕಳ್ಸಿ."

"ಬೇಡದ ಮಾಲನ್ನ ನೋಡಿ ಏನ್ ಮಾಡ್ತೀಯೆ, ಮುಂಡೆ?"

ಜಗಲಿಯ ಮೇಲೆ ಕೂತಿದ್ದವರು ನಕ್ಕರು. ಅವರಿಗೆ ಅದೊಂದು ಮಾತೇ ಅಲ್ಲ. ಗಂಡ ಬದುಕಿರುವ ಹೆಂಗಸನ್ನು ಮುಂಡೆ ಎನ್ನುವುದು ಆ ಅಂಗಡಿಯಲ್ಲಿ ಬೆಲ್ಲ ತೂಗಿಕೊಟ್ಟಷ್ಟೇ ಸಲೀಸಾಗಿತ್ತು.

ಅಂಗಡಿಯೇ ಟಪಾಲು ಆಫೀಸು. ಒಂದು ಪಕ್ಕ ಬೆಲ್ಲ, ಸೀಮೆಎಣ್ಣೆ, ಗಾಜಿನ ಬಳೆ. ಇನ್ನೊಂದು ಪಕ್ಕ ಮಹಾರಾಜರ ಪಟ, ಅದರ ಕೆಳಗೆ ಬೀಗದ ಪೆಟ್ಟಿಗೆ, ಮುದ್ರೆ ಒತ್ತುವ ಮಸಿ. ನಂದೀಶ್ವರಯ್ಯನನ್ನು ಎಲ್ಲರೂ ಟಪಾಲಯ್ನೋರು ಎನ್ನುತ್ತಿದ್ದರು. ಮಧುಗಿರಿಯ ದೊಡ್ಡ ಆಫೀಸಿನಿಂದ ಚೀಲ ಹೊತ್ತು ತರುವವನು ಹೊಲಗೇರಿಯ ಬೈರಪ್ಪ. ಅವನು ಚೀಲವನ್ನು ನೆಲದ ಮೇಲಿಟ್ಟು ದೂರ ಸರಿಯಬೇಕು. ಅಯ್ನೋರ ಮನೆಯಿಂದ ಒಂದು ಚೊಂಬು ನೀರು ಬಂದು ಚೀಲದ ಮೇಲೆ ಬಿದ್ದು, ಅದು ಶುದ್ಧವಾದ ಮೇಲೆ ಬೀಗ ತೆಗೆಯುತ್ತಿದ್ದರು. ಹಾಗಾಗಿ ನಮ್ಮ ಸುತ್ತಿನ ಹಳ್ಳಿಗಳಿಗೆ ಬರುವ ಸಾವು, ಮದುವೆ, ಹೆರಿಗೆಯ ಸುದ್ದಿಯೆಲ್ಲ ಒದ್ದೆಯಾಗಿಯೇ ಬರುತ್ತಿತ್ತು.

ಕೊಲ್ಲಾಪುರಮ್ಮನ ಗಂಡ ದಾಸಣ್ಣ ನಮ್ಮ ಹಟ್ಟಿಯವನೇ, ಕುರಿಯವನು. ರೋಗ ಬಂದು ಹಟ್ಟಿಯ ಅರ್ಧ ಕುರಿ ಸತ್ತ ವರ್ಷ, ಸಿರಾದ ಸಾಹೇಬರೊಬ್ಬರು ಸಿಂಹಳದ ಕೊಳಂಬಿನ ಕಸಾಯಿಖಾನೆಗೆ ಕುರಿ ಕೊಂಡು ಹಡಗಿಗೆ ಹತ್ತಿಸುತ್ತಿದ್ದರು. ಕುರಿಗಳನ್ನು ಸಮಾಧಾನವಾಗಿ ಹತ್ತಿಸಲು ಒಬ್ಬ ಬೇಕಾಗಿತ್ತು. ಹತ್ತಿಸಿದವುಗಳನ್ನು ಆಚೆ ದಡದಲ್ಲಿ ಇಳಿಸಲಿಕ್ಕೂ ಬೇಕಾಯಿತು. ಇಳಿಸಿದ ಮೇಲೆ, ಕೊಯ್ಯುವ ತನಕ ಕಾಯಲಿಕ್ಕೂ ಬೇಕಾಯಿತು. ದಾಸಣ್ಣ ಅಲ್ಲೇ ಉಳಿದ.

ಅಲ್ಲಿಂದ ಒಂದು ಕಾಗದ ಹಾಕಬೇಕೆಂದರೆ ಬರೆಯುವವನಿಗೆ ಕೊಡಬೇಕು, ಸ್ಟಾಂಪಿಗೆ ಕೊಡಬೇಕು. ಸ್ಟಾಂಪು ಹಚ್ಚದೆ ಹಾಕಿದರೆ ಈ ಕಡೆ ಬಿಡಿಸಿಕೊಳ್ಳುವವರು ಇಮ್ಮಡಿ ದಂಡ ತೆರಬೇಕು. ಅದು ನಮ್ಮ ಮನೆಗಳ ಎರಡು ದಿನದ ರಾಗಿ. ತೆತ್ತರೂ ಓದುವವನು ನಂದೀಶ್ವರಯ್ಯ ಒಬ್ಬನೇ. ಅವನು ಓದುವುದು ಜಗಲಿಯ ಮೇಲೆ, ಎಲ್ಲರ ಮುಂದೆ. ಕೋಲಾರದ ಗಣಿಯಿಂದ ಒಬ್ಬ ತನ್ನ ಹೆಂಡತಿಗೆ ಹೊಟ್ಟೆ ಕೆಟ್ಟಿದೆ ಎಂದು ಬರೆಸಿದ್ದಕ್ಕೆ, ಎಷ್ಟು ಸಾರಿ, ಯಾವ ಬಣ್ಣ ಎಂದೆಲ್ಲ ತಾನೇ ಸೇರಿಸಿ ಓದಿ ನಗಿಸಿದ್ದ. ಆ ಹೆಂಗಸು ಊರ ಬಾವಿಯ ಹಾದಿಯನ್ನೇ ಬಿಟ್ಟಳು.

ಹೊರಡುವ ಮುನ್ನ ದಾಸಣ್ಣ ಹೆಂಡತಿಗೂ ಅಪ್ಪನಿಗೂ ಒಂದು ದಾರಿ ಹೇಳಿಕೊಟ್ಟಿದ್ದ. ನಮ್ಮ ಕುರಿಗಳಿಗೆಲ್ಲ ಕಿವಿಗುರುತು ಇರುತ್ತದೆ. ಒಂದು ಮನೆಯವರದು ಅಂಚಿನಲ್ಲಿ ಕಚ್ಚು, ಇನ್ನೊಂದು ಮನೆಯವರದು ಸೀಳು. ಅಕ್ಷರ ಬಾರದ ನಮಗೆ ಒಂದು ಕಿವಿ ಕಂಡರೆ ಇಡೀ ಕುರಿಯ ಕುಲಗೋತ್ರ ತಿಳಿಯುತ್ತದೆ. ಲಕೋಟೆಯ ಕೆಳಗಿನ ಮೂಲೆಯೇ ಕಿವಿ ಎಂದ ದಾಸಣ್ಣ. ಒಳಗೆ ಏನೂ ಇರುವುದಿಲ್ಲ, ಸ್ಟಾಂಪೂ ಇರುವುದಿಲ್ಲ. ವಿಳಾಸವನ್ನು ಯಾರ ಕೈಯಲ್ಲಾದರೂ ಬರೆಸುತ್ತೇನೆ. ಮೂಲೆಯಲ್ಲಿ ಒಂದು ಕಚ್ಚು ಇದ್ದರೆ ನಾನು ಸುಖವಾಗಿದ್ದೇನೆ. ಸೀಳು ಇದ್ದರೆ ಮೈ ಸರಿಯಿಲ್ಲ. ಎರಡು ಕಚ್ಚು ಇದ್ದರೆ ಊರಿಗೆ ಹೊರಟಿದ್ದೇನೆ. ನೋಡಿ, ಬೇಡ ಅನ್ನಿ, ವಾಪಸ್ಸು ಕಳಿಸಿ. ಅವನೂ ತೆರಬೇಕಿಲ್ಲ, ಇವರೂ ತೆರಬೇಕಿಲ್ಲ.

ಸತ್ತರೆ, ಎಂದು ಕೇಳಿದವಳು ಕೊಲ್ಲಾಪುರಮ್ಮ. ಅವನು ನಕ್ಕಿದ್ದ.

"ಸತ್ರೆ ಕಿವೀನೇ ಬತ್ತದೆ ಬುಡು. ಜೊತೆಯೋರ್ಗೆ ಯೋಳಿರ್ತೀನಿ."

ಕೂಲಿಗೆ ಕುರಿ ಕಾಯುವವನ ಕಟ್ಟಳೆ ಅದು. ಮೇವಿನ ಕಾಡಿನಲ್ಲಿ ಕುರಿ ಸತ್ತರೆ ಅದರ ಕಿವಿಯನ್ನು ಬುಡಕ್ಕೇ ಕೊಯ್ದು ಒಡೆಯನ ಮುಂದೆ ಇಡಬೇಕು. ಇಡದಿದ್ದರೆ ಮಾರಿಕೊಂಡ ಎಂಬ ಆರೋಪ.

ಲಕೋಟೆಗಳು ಬಂದವು. ಕೊಲ್ಲಾಪುರಮ್ಮ ಬಂದು ನೋಡುತ್ತಿದ್ದಳು, ಬ್ಯಾಡ ಎನ್ನುತ್ತಿದ್ದಳು, ಹೋಗುತ್ತಿದ್ದಳು. ಅವಳ ಗುಟ್ಟನ್ನು ಬಯಲು ಮಾಡಿದ್ದು ನಗು. ದಂಡ ತೆರಲಾರದೆ ಕಾಗದ ಬಿಟ್ಟು ಹೋಗುವವರು ಮೂಗು ಒರೆಸಿಕೊಂಡು ಹೋಗುತ್ತಾರೆ. ಇವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತ ಹೋಗುತ್ತಿದ್ದಳು. ಒಂದು ಸಾರಿ ಅದೇ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲವನ್ನೂ ಕೊಂಡಳು. ಬಡವರ ಮುಖವನ್ನು ತಕ್ಕಡಿಗೆ ಹಾಕಿ ತೂಗುವ ಮನುಷ್ಯನಿಗೆ ಅಷ್ಟು ಸಾಕು.

ನಂದೀಶ್ವರಯ್ಯ ತೊಡೆಯನ್ನು ಎತ್ತಿ ಲಕೋಟೆಯನ್ನು ಎಳೆದ. ಅದರಿಂದ ಕುತ್ತಿಗೆಗೆ ಗಾಳಿ ಬೀಸಿಕೊಂಡ. ಬೀಸುವಾಗ ಮೂಲೆ ಇವಳ ಕಣ್ಣಿಗೆ ಬಿತ್ತು. ಕಚ್ಚಲ್ಲ, ಸೀಳು.

ಅವಳ ಮುಖ ಹೇಗಾಯಿತೋ ನಾವು ಹಿಂದಿನಿಂದ ನೋಡಲಿಲ್ಲ. ಅವನು ಮುಂದಿನಿಂದ ನೋಡಿದ. ಬೀಸುವುದು ನಿಂತಿತು. ಅವಳ ಕಣ್ಣು ಎಲ್ಲಿತ್ತೋ ಅಲ್ಲಿಗೆ ತನ್ನ ಕಣ್ಣು ತಂದು, ಮೂಲೆಯನ್ನು ಹೆಬ್ಬೆರಳಿನಿಂದ ಸವರಿದ.

"ಓಹೋ," ಎಂದ. "ಆ ಮುದುಕನ್ನ ಕರೀರಿ."

ಮೂಡಲಗಿರಿಯಪ್ಪ, ದಾಸಣ್ಣನ ಅಪ್ಪ, ನಮ್ಮ ಜೊತೆಯೇ ನಿಂತಿದ್ದ. ಕಂಬಳಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಮುಂದೆ ಹೋದ. ಅಯ್ನೋರು ಬಗ್ಗು ಎಂದರು, ಬಗ್ಗಿದ. ಜಗಲಿಯ ಮೇಲಿನಿಂದಲೇ ಅವರು ಅವನ ಕಿವಿ ಹಿಡಿದರು. ಒಂಟಿ ಹಾಕಿದ್ದ ಕಿವಿ.

"ಇದಕ್ಕೆ ಯಾವ ಗುರುತ್ಲಾ ಹಾಕಿರೋದು? ಕಚ್ಚೋ, ಸೀಳೋ?"

ಜಗಲಿಯವರು ಈ ಸಾರಿ ಇನ್ನೂ ಚೆನ್ನಾಗಿ ನಕ್ಕರು. ಅಯ್ನೋರು ಕಿವಿಯನ್ನು ಹಿಂಡಿದರು, ಒಂಟಿಯ ತಂತಿ ಮಾಂಸಕ್ಕೆ ನಾಟಿತು, ಮುದುಕ ಒಂದೊಂದಾಗಿ ಹೇಳಿದ. ಒಂದು ಕಚ್ಚು ಎಂದರೆ ಏನು, ಸೀಳು ಎಂದರೆ ಏನು, ಎರಡು ಕಚ್ಚು ಎಂದರೆ ಏನು. ಕೊನೆಯದೊಂದನ್ನು ಹೇಳಲಿಲ್ಲ. ಮಗನ ಸಾವನ್ನು ಬಾಯಲ್ಲಿ ಆಡುವುದಾದರೂ ಹೇಗೆ? ಕುರಿ ಮುಟ್ಟದ, ಕುರಿ ತಿನ್ನದ ಅಯ್ನೋರಿಗೆ ಅದನ್ನು ಕೇಳಬೇಕೆಂದೂ ತಿಳಿಯಲಿಲ್ಲ.

ಕಿವಿ ಬಿಟ್ಟ ಮೇಲೆ ಅವರು ಬೆರಳನ್ನು ಮುದುಕನ ಕಂಬಳಿಗೇ ಒರೆಸಿದರು. ರಕ್ತಕ್ಕಿಂತ ಉಣ್ಣೆಯ ವಾಸನೆ ಅವರಿಗೆ ಹೆಚ್ಚು ಅಸಹ್ಯವಾಗಿ, ಬೆರಳನ್ನು ಮೂಸಿ ಮುಖ ಕಿವುಚಿದರು.

"ಇದು ಸರ್ಕಾರದ ಲಕೋಟೆ ಕಣ್ಲಾ. ಒಂದು ಗೀರು ಬಿದ್ದಿದ್ರೂ ಮದ್ಗಿರೀಲಿ ಕೇಳ್ತಾರೆ. ಮೂಲೆ ಕತ್ತರಿಸಿದೋನಿಗೆ ಜೈಲು. ನಿನ್ನ ಮಗ ಅಲ್ಲಿ, ನೀವಿಬ್ಬರು ಇಲ್ಲಿ. ಬರೆದು ಹಾಕ್ಲಾ?"

ಬರೆದು ಹಾಕಬೇಡಿ ಎಂದು ಮುದುಕ ಮಣ್ಣಿನಲ್ಲಿ ಉದ್ದಕ್ಕೆ ಬಿದ್ದ. ಹಾಗಾದರೆ ಬೇಸಿಗೆ ಮುಗಿಯುವ ತನಕ ನಿಮ್ಮ ಮಂದೆ ನನ್ನ ಹೊಲದಲ್ಲಿ ಇರಲಿ ಎಂದರು ಅಯ್ನೋರು. ಕುರಿ ಮಂದೆಯನ್ನು ರಾತ್ರಿ ಒಬ್ಬರ ಹೊಲದಲ್ಲಿ ನಿಲ್ಲಿಸಿದರೆ ಗೊಬ್ಬರ ಬೀಳುತ್ತದೆ, ಅದಕ್ಕೆ ಹೊಲದವರು ಕಾಳು ಅಳೆಯುತ್ತಾರೆ. ಬೇಸಿಗೆಯಲ್ಲಿ ನಾವು ಉಣ್ಣುವುದೇ ಆ ಕಾಳು. ಅಯ್ನೋರ ಹೊಲಕ್ಕೆ ಕಾಳಿಲ್ಲ. ಕೊಲ್ಲಾಪುರಮ್ಮ ಒಂದೇ ಮಾತು ಕೇಳಿದಳು: ಮುಂದಿನ ಲಕೋಟೆ ಬಂದರೆ ತೋರಿಸುತ್ತೀರಾ? ತೋರಿಸುತ್ತೇನೆ ಎಂದು ಅವರು ಮಹಾರಾಜರ ಪಟದ ಕಡೆ ಕೈ ಮಾಡಿದರು.

ಮಂದೆ ಹೋಯಿತು. ಬೆಳಿಗ್ಗೆ ಮೂಗಿಗೆ ವಸ್ತ್ರ ಹಿಡಿದು ಅಯ್ನೋರು ಬದುವಿನ ಮೇಲೆ ನಡೆಯುತ್ತಿದ್ದರು. ಹಿಕ್ಕೆ ಸಾಲದು, ನೀವು ಹೊಟ್ಟೆ ತುಂಬ ಮೇಯಿಸುತ್ತಿಲ್ಲ ಎನ್ನುತ್ತಿದ್ದರು. ಕುರಿಗಳು ಬದುವಿನ ಆಚೆಗೆ ಹಾಕಿದ ಹಿಕ್ಕೆಯನ್ನು ಕೊಲ್ಲಾಪುರಮ್ಮ ಸೆರಗಿನಲ್ಲಿ ಆರಿಸಿಕೊಂಡು ಈಚೆ ತಂದು ಸುರಿಯಬೇಕು. ಅವಳು ಸುರಿಯುತ್ತಿದ್ದಳು. ಅವಳ ಸೀರೆಯ ವಾಸನೆಗೆ ಅಯ್ನೋರು ಎರಡು ಹೆಜ್ಜೆ ಹಿಂದೆ ಸರಿದು, ಥೂ, ಏನು ಜಾತಿಯೋ ಎಂದು ಬಾಯಲ್ಲಿದ್ದ ಎಲೆಯಡಿಕೆಯನ್ನು ಅದೇ ಗೊಬ್ಬರದ ಮೇಲೆ ಉಗಿಯುತ್ತಿದ್ದರು.

ಅವಳ ತಲೆಯಲ್ಲಿ ಸೀಳು ಇತ್ತು. ಮೈ ಸರಿಯಿಲ್ಲ ಎಂದರೆ ಎಷ್ಟು ಸರಿಯಿಲ್ಲ? ಸೀಳು ಉದ್ದವಾಗಿತ್ತೋ ಗಿಡ್ಡವಾಗಿತ್ತೋ? ಕುರಿ ಕೂಡುವಾಗ, ಬಿಡುವಾಗ ನಮ್ಮನ್ನೇ ಕೇಳುತ್ತಿದ್ದಳು. ಹುಣಸೆಮರದ ಕೆಳಗಿದ್ದ ನಮಗೇನು ಗೊತ್ತು.

ಯುಗಾದಿ ಕಳೆದ ಮೇಲೆ ಲಕೋಟೆ ಬಂತು. ಅಯ್ನೋರೇ ಹೇಳಿ ಕಳಿಸಿದರು. ಅವಳು ಹಿಕ್ಕೆಯ ಕೈಯನ್ನೂ ತೊಳೆಯದೆ ಓಡಿದಳು. ಹಿಂದೆ ಮುದುಕ, ಅವನ ಹಿಂದೆ ನಾವು.

ಜಗಲಿಯ ಮೇಲೆ ನಂದೀಶ್ವರಯ್ಯ ಎದ್ದು ನಿಂತಿದ್ದ. ಲಕೋಟೆಯನ್ನು ಎರಡು ಬೆರಳಲ್ಲಿ ಹಿಡಿದು, ತೊಟ್ಟಿಲ ಮಗುವಿಗೆ ಗಿಲಕಿ ತೋರಿಸುವ ಹಾಗೆ ಎತ್ತಿ ತೋರಿಸಿದ.

"ಮಾತಿಗೆ ತಪ್ಪೋನಲ್ಲ ನಾನು. ಓದ್ಕೊ."

ಕೆಳಗಿನ ಎರಡು ಮೂಲೆಯೂ ಇರಲಿಲ್ಲ. ಬುಡಕ್ಕೇ, ನುಣುಪಾಗಿ ಹೋಗಿದ್ದವು.

ಅವನು ಕಾಯುತ್ತಿದ್ದ. ಅವಳು ಬೇಡಿಕೊಳ್ಳುತ್ತಾಳೆ, ಕಾಲು ಹಿಡಿಯುತ್ತಾಳೆ, ದಂಡ ತೆರಲು ಇನ್ನೊಂದು ಬೇಸಿಗೆಯ ಮಂದೆ ಬರೆದುಕೊಡುತ್ತಾಳೆ ಎಂದು ಜಗಲಿಯವರಿಗೂ ಹೇಳಿಟ್ಟಿದ್ದನೆಂದು ಕಾಣುತ್ತದೆ. ಎಲ್ಲರ ಮುಖದಲ್ಲೂ ನಗು ತಯಾರಾಗಿತ್ತು. ಕೊಲ್ಲಾಪುರಮ್ಮ ಒಂದು ಕಿವಿ ನೋಡಿದಳು, ಇನ್ನೊಂದು ಕಿವಿ ನೋಡಿದಳು. ತಗೋತೀಯೋ ಬಿಡ್ತೀಯೋ ಎಂದು ಅವನು ಕೇಳಿದ್ದು ಅವಳಿಗೆ ಕೇಳಿಸಲಿಲ್ಲ. ಬೇಕು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ತಿರುಗಿ ದನ ನೀರು ಕುಡಿಯುವ ಕಲ್ಲುತೊಟ್ಟಿಯ ತನಕ ನಡೆದು, ಎರಡೂ ಕೈಯನ್ನು ಅದರ ಅಂಚಿಗೆ ಬಡಿದಳು. ಬಳೆ ಚೂರು ನೀರಿಗೆ ಬಿತ್ತು. ಮುದುಕ ಅಲ್ಲೇ ಕುಕ್ಕರಿಸಿ, ನೆಲದ ಮೇಲಿನ ಧೂಳನ್ನು ಎರಡು ಕೈಯಲ್ಲಿ ತಲೆಗೆ ಸುರಿದುಕೊಂಡ.

ಆಗ ಜಗಲಿಯ ಮೇಲಿದ್ದವರಲ್ಲಿ ಯಾರೋ ಕೇಳಿದರು, ನಮ್ಮಲ್ಲಿ ಯಾರೋ ಹೇಳಿದೆವು: ಕಿವಿ ಕೊಯ್ದು ಬಂದರೆ ಸತ್ತ ಹಾಗೆ.

ನಂದೀಶ್ವರಯ್ಯ ಅದನ್ನು ಕೇಳಿಸಿಕೊಂಡ. ಇಡೀ ಊರಿಗೆ ಕೇಳಿಸುವ ಗಂಟಲು ಅವನದು. ಒಂದು ಮಾತು ಹೇಳಿದ್ದರೆ ಸಾಕಾಗಿತ್ತು. ಅವನು ಲಕೋಟೆಯನ್ನು ಪೆಟ್ಟಿಗೆಯಲ್ಲಿಟ್ಟು, ಬೀಗ ಹಾಕಿ, ಎದೆಯ ಮೇಲಿನ ಲಿಂಗವನ್ನು ಮುಟ್ಟಿಕೊಂಡು, "ಪಾಪ, ಹಣೆಬರಹ" ಎಂದ.

ತಿಥಿಗೆಂದು ಅಂಗಡಿಯಿಂದ ಅಕ್ಕಿ ಬಂತು. ನಾವು ಬೇಯಿಸಿದೆವು, ಉಂಡೆವು. ಅಯ್ನೋರು ಬಾಯಲ್ಲಿ ಹಾಗೆ, ಮನಸ್ಸು ಒಳ್ಳೆಯದು ಎಂದು ಕೈ ನೆಕ್ಕುತ್ತ ಹೇಳಿದವರೂ ಇದ್ದರು. ಮುದುಕ ಮೀಸೆ ತೆಗೆಸಿದ. ಕೊಲ್ಲಾಪುರಮ್ಮನ ಕುಂಕುಮ ಅಳಿಸಿ, ತಾಳಿಯನ್ನು ಹಾಲಿಗೆ ಹಾಕಿದೆವು. ಮಂದೆ ಮಾತ್ರ ಅಯ್ನೋರ ಹೊಲದಲ್ಲೇ ಇತ್ತು. ಗಂಡ ಸತ್ತರೂ ಕರಾರು ಸಾಯುವುದಿಲ್ಲ ಎಂದು ಅವರು ಹೇಳಿ ಕಳಿಸಿದ್ದರು. ಮುಂಡೆ ಹೆಂಗಸು ಹಟ್ಟಿಯಲ್ಲಿ ಕೂತು ಏನು ಮಾಡುತ್ತಾಳೆ, ನಮ್ಮ ಕೊಟ್ಟಿಗೆ ಬಳಿಯಲು ಬರಲಿ ಎಂದೂ ಹೇಳಿ ಕಳಿಸಿದರು.

ಬೈರಪ್ಪನಿಗೆ ಇದೊಂದೂ ತಿಳಿದಿರಲಿಲ್ಲ. ಆ ಲಕೋಟೆ ತಂದ ದಿನವೇ ವಾಪಸ್ಸು ಚೀಲ ಹೊತ್ತು ಹೋದವನು ಜ್ವರದಲ್ಲಿ ಮಲಗಿದ್ದ, ಚೀಲವನ್ನು ಬೇರೆ ಯಾರೋ ಹೊತ್ತಿದ್ದರು. ಎದ್ದು ಮತ್ತೆ ಚೀಲ ಹೊತ್ತ ದಿನ, ಮಿಡಿಗೇಶಿ ಬೆಟ್ಟದ ಕಡೆಯಿಂದ ಬರುವಾಗ ಅಯ್ನೋರ ಹೊಲದ ಬದುವಿನಲ್ಲಿ ಸೆರಗು ತುಂಬ ಹಿಕ್ಕೆ ಹೊತ್ತ ಕೊಲ್ಲಾಪುರಮ್ಮನನ್ನು ನೋಡಿದ. ಬರಿಗೈ, ಬರಿಹಣೆ. ನಾವು ಕುರಿ ಎಬ್ಬಿಸುತ್ತಿದ್ದೆವು.

"ಇದೇನವ್ವಾ ನಿನ್ ಕೈ?" ಎಂದ ಅವನು.

ಅವಳು ಹೇಳಿದಳು. ಕೊಳಂಬಿನಿಂದ ಕಿವಿ ಬಂತು ಎಂದಳು. ಲಕೋಟೆಯ ಎರಡು ಮೂಲೆಯೂ, ಬುಡಕ್ಕೆ.

ಬೈರಪ್ಪ ಚೀಲ ಇಳಿಸಿದ. ಇಳಿಸಿದವನು ಅದರ ಪಕ್ಕದಲ್ಲೇ ಕೂತುಬಿಟ್ಟ.

"ಕೊಳಂಬಿಂದ ಅಲ್ಲ ತಾಯಿ. ಅಂಗಡಿಯಿಂದ."

ಲಕೋಟೆ ಬಂದ ದಿನ ಅವನು ವಾಪಸ್ಸು ಚೀಲಕ್ಕಾಗಿ ಜಗಲಿಯ ಕೆಳಗೆ ಬಿಸಿಲಲ್ಲಿ ಕಾಯುತ್ತಿದ್ದನಂತೆ. ಅಯ್ನೋರು ಅಡಿಕೆ ಕತ್ತರಿಸುತ್ತ ಕೂತಿದ್ದರಂತೆ. ಲಕೋಟೆ ತೆಗೆದು, ತಿರುಗಿಸಿ ನೋಡಿ, ನಕ್ಕು, ಅದೇ ಅಡಕತ್ತರಿಯ ಬಾಯಿಗೆ ಒಂದು ಮೂಲೆ ಕೊಟ್ಟರು, ಆಮೇಲೆ ಇನ್ನೊಂದು ಮೂಲೆ ಕೊಟ್ಟರು. ಚೂರುಗಳು ಪೀಕದಾನಿಗೆ ಬಿದ್ದವು. ಅದರ ಮೇಲೆ ಅವರು ಒಂದು ಸಾರಿ ಉಗಿದರು. ಇಷ್ಟನ್ನೂ ತನ್ನ ಎರಡು ಕಣ್ಣಿಂದ ನೋಡಿದೆ ಎಂದ ಬೈರಪ್ಪ. ಸರ್ಕಾರದ ಕೆಲಸ ಹಾಗೇ ಇರಬೇಕು ಅಂದುಕೊಂಡೆ ಎಂದ.

"ಮೂಲೇಲಿ ಏನಿತ್ತು?"

"ನಾನು ನಿಂತಿರೋ ಜಾಗಕ್ಕೆ ಅದೆಂಗ್ ಕಂಡಾದು ತಾಯಿ? ನಿಂದ್ರಿಸೋದು ಎಲ್ಲಿ ಅಂತ ನಿಂಗ್ ಗೊತ್ತಿಲ್ವಾ?"

ಅವಳು ಸೆರಗು ಬಿಟ್ಟಳು. ಹಿಕ್ಕೆ ಬದುವಿನ ಎರಡೂ ಕಡೆ ಉರುಳಿತು. ನಡೆದಳು. ನಾವು ಕುರಿ ಬಿಟ್ಟು ಹಿಂದೆ ಹೋದೆವು.

ಅಂಗಡಿಯ ಹಿಂದೆ ಒಂದು ಗುಂಡಿ. ಬಚ್ಚಲ ನೀರು, ಎಂಜಲೆಲೆ, ಪೀಕದಾನಿಯ ಕೆಂಪು ಎಲ್ಲ ಅಲ್ಲಿಗೇ. ಮೇಲೆ ಒಂದು ಪದರ ಒಣಗಿ ಚರ್ಮದ ಹಾಗೆ ಬಿರಿದಿತ್ತು, ಅದರ ಮೇಲೆ ನೊಣ. ಅವಳು ಮಂಡಿಯೂರಿ ಆ ಚರ್ಮವನ್ನು ಬೆರಳಿನಿಂದ ಎತ್ತಿದಳು. ಕೆಳಗೆ ಹಸಿಯಿತ್ತು. ವಾಸನೆಗೆ ನಮ್ಮಲ್ಲಿ ಕೆಲವರು ಮುಖ ತಿರುಗಿಸಿದರು. ಕುರಿ ಕರುಳು ತೊಳೆಯುವವರು ನಾವು, ನಮಗೂ ಆಗಲಿಲ್ಲ. ಅವಳು ಮೊಣಕೈ ತನಕ ಇಳಿಸಿ, ಕಲಕಿ, ಹಿಡಿ ಹಿಡಿಯಾಗಿ ಎತ್ತಿ, ಬೆರಳ ಸಂದಿಯಿಂದ ಸೋಸುತ್ತ ಹೋದಳು. ಅಡಿಕೆಯ ಜಗಿದ ನಾರು, ತಂಬಾಕಿನ ಎಸಳು, ಯಾರದೋ ಹಲ್ಲು. ಮುದುಕ ತನ್ನ ಕೋಲು ಕೊಟ್ಟ. ಅವಳು ಅದನ್ನು ಮುಟ್ಟಲಿಲ್ಲ. ಕೋಲಿಗೆ ಕಾಗದ ತಿಳಿಯುವುದಿಲ್ಲ.

ಒಂದು ಚೂರು ಸಿಕ್ಕಿತು. ಮೂರು ಮೂಲೆಯದು. ಕಂದು ಬಣ್ಣ ಹೋಗಿ ಕೆಂಪಾಗಿ, ಊದಿ, ಒಸಡಿನ ಹಾಗೆ ಆಗಿತ್ತು. ಅಂಗೈ ಮೇಲಿಟ್ಟು ಬಿಸಿಲಿಗೆ ಹಿಡಿದಳು. ಒಂದು ಬದಿ ಹರಿದಿತ್ತು. ಅದು ದಾಸಣ್ಣ ಹಾಕಿದ ಸೀಳೋ, ಕಚ್ಚೋ, ಇರುವೆ ತಿಂದದ್ದೋ ಎಂದು ನಾವೆಲ್ಲ ಬಗ್ಗಿ ನೋಡಿದೆವು. ಕುರಿಯ ಕಿವಿಯನ್ನು ಅಷ್ಟು ದೂರದಿಂದ ಓದುವ ನಾವು ಇದನ್ನು ಓದಲಾರದೆ ಹೋದೆವು. ಅವಳು ಉಗುರಿನಿಂದ ಬಿಡಿಸಲು ನೋಡಿದಳು, ಅದು ಎರಡಾಯಿತು, ಆಮೇಲೆ ಅಂಗೈಗೆ ಬಳಿದುಕೊಂಡಿತು.

ಹಿತ್ತಿಲ ಬಾಗಿಲು ತೆರೆಯಿತು. ನಂದೀಶ್ವರಯ್ಯ ಒಂದು ಗಳಿಗೆ ನೋಡಿ ಬಾಗಿಲು ಹಾಕಿಕೊಂಡ. ಬೈಗುಳ ಬರಲಿಲ್ಲ. ಆ ಅಂಗಡಿಯಿಂದ ಬೈಗುಳ ಬರದೇ ಇದ್ದದ್ದು ಅದೇ ಮೊದಲು.

ಅವಳು ಕಲ್ಲುತೊಟ್ಟಿಯಲ್ಲಿ ಕೈ ತೊಳೆದಳು. ನೀರು ಕುಡಿಯಲು ಬಂದ ಕುರಿಗಳು ಮೂಸಿ ಹಿಂದೆ ಸರಿದವು. ಆ ಸಂಜೆ ಮಂದೆ ಅಯ್ನೋರ ಹೊಲಕ್ಕೆ ಹೋಗಲಿಲ್ಲ. ಹೋಗಬೇಡ ಎಂದು ಅವಳು ಯಾರಿಗೂ ಹೇಳಲಿಲ್ಲ, ತಾನೇ ಮುಂದೆ ನಡೆದು ಕುರಿಗಳನ್ನು ಹಟ್ಟಿಗೆ ತಿರುಗಿಸಿದಳು.

ಹೊಲ ಖಾಲಿ ಬಿತ್ತು. ಅಯ್ನೋರು ಕೇಳಿ ಕಳಿಸಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಕರೆ ಬಂತು. ಹಾಗೆ ಕರೆದದ್ದನ್ನು ನಾವು ಎಂದೂ ಕೇಳಿರಲಿಲ್ಲ: ಕೊಲ್ಲಾಪುರಮ್ಮನವರು ಒಂದು ಗಳಿಗೆ ಬಂದು ಹೋಗಬೇಕಂತೆ.

ಜಗಲಿಯ ಮೇಲೆ ಬೇರೆ ಯಾರೂ ಇರಲಿಲ್ಲ. ಅಯ್ನೋರು ಅವರನ್ನೆಲ್ಲ ಎಬ್ಬಿಸಿ ಕಳಿಸಿದ್ದರು. ಕೆಳಗೆ ದೂರದಲ್ಲಿ ಬೈರಪ್ಪ ವಾಪಸ್ಸು ಚೀಲದ ಜೊತೆ ಕೂತಿದ್ದ. ಅಂಚಿನಲ್ಲಿ ಒಂದು ಹಳೆ ಕಾಗದ ಹಾಸಿ, ಅದರ ಮೇಲೆ ಹಸಿರು ಗಾಜಿನ ಬಳೆ ಒಂದು ಡಜನ್ನು, ಅರಿಸಿನ ಕುಂಕುಮದ ಪೊಟ್ಟಣ, ಬೆಲ್ಲದ ಅಚ್ಚು. ಪಕ್ಕದಲ್ಲಿ ಲಕೋಟೆ. ಅದರ ಪಕ್ಕದಲ್ಲಿ ಮಸಿಯ ಡಬ್ಬಿ, ಮುಚ್ಚಳ ತೆಗೆದಿತ್ತು.

"ಬಾಮ್ಮ. ಮೆಟ್ಟಿಲ ಮೇಲೆ ಕೂತ್ಕೊ. ಪರವಾಗಿಲ್ಲ."

ಅವಳು ನಿಂತೇ ಇದ್ದಳು.

ಅಯ್ನೋರು ಮೆಲ್ಲಗೆ ಮಾತಾಡಿದರು. ಬಿಡಿಸಿಕೊಳ್ಳದೆ ಬಿದ್ದಿರುವ ಲಕೋಟೆಗಳನ್ನೆಲ್ಲ ಕೊಟ್ಟುಬಿಡಿ, ಇಲ್ಲವೇ ವಾಪಸ್ಸು ಕಳಿಸಿ ಎಂದು ಮಧುಗಿರಿಯಿಂದ ತಾಕೀತು ಬಂದಿದೆ. ಇವತ್ತಿನ ಚೀಲಕ್ಕೇ. ದಂಡವನ್ನು ನಾನೇ ಹಾಕುತ್ತೇನೆ, ನಿನಗೆ ಪುಕ್ಕಟೆ. ನೀನು ಒಂದು ಹೆಬ್ಬೆಟ್ಟು ಒತ್ತಿ ತೆಗೆದುಕೊಂಡು ಹೋಗು. ಮಂದೆಯ ಕಾಳನ್ನೂ ಅಳೆಸುತ್ತೇನೆ, ಬಿಟ್ಟಿ ಮಾಡಿಸಿಕೊಂಡ ಪಾಪ ನನಗ್ಯಾಕೆ. ಏನೋ ತಮಾಷೆಗೆ ಅಡಕತ್ತರಿ ತಗುಲಿತು. ನಿಮ್ಮ ಸಾವಿನ ಗುರುತು ನನಗೇನು ಗೊತ್ತು? ನಿನ್ನ ಗಂಡ ಗುಂಡುಕಲ್ಲಿನ ಹಾಗೆ ಇದ್ದಾನೆ. ಬಳೆ ಹಾಕಿಕೊ.

ಮೂಡಲಗಿರಿಯಪ್ಪನ ಬಾಯಿ ತೆರೆದಿತ್ತು. ಮೀಸೆ ಇಲ್ಲದ ತುಟಿಯನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

ಕೊಲ್ಲಾಪುರಮ್ಮ ಕೇಳಿದಳು, "ಅದ್ರಾಗೆ ಏನ್ ಗುರ್ತಿತ್ತು, ಅಯ್ನೋರೆ?"

"ಒಂದು ಕಚ್ಚು. ನಾನೇ ನೋಡಿದೀನಲ್ಲ. ಸುಖವಾಗವ್ನೆ ಅಂತ ತಾನೆ ಅದು?"

"ಸೀಳಲ್ವಾ?"

"ಇಲ್ಲಮ್ಮ. ಕಚ್ಚೇ."

ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಅದು ಅವನಿಗೆ ತಕ್ಕಡಿಯ ಮುಳ್ಳು ಅಲುಗಾಡಿದ ಹಾಗೆ ಕಂಡಿರಬೇಕು. ಗಿರಾಕಿ ಕೈ ಹಿಂದೆಗೆದಾಗ ಒಂದು ಚೂರು ಬೆಲ್ಲ ಕೊಸರು ಹಾಕುವವನ ಹಾಗೆ, ಮುಂದಕ್ಕೆ ಬಾಗಿದ.

"ಎರಡಿತ್ತು ಕಣಮ್ಮ. ಈಗ ಸರಿಯಾಗಿ ನೆನಪಾಯ್ತು ನೋಡು. ಎರಡು ಕಚ್ಚು. ಹೊರಟುಬುಟ್ಟವ್ನೆ."

ಮುದುಕ ಅತ್ತುಬಿಟ್ಟ. ಅಳುತ್ತಲೇ ಜಗಲಿಗೆ ಕೈ ಚಾಚಿ ಬಳೆಗಳನ್ನು ಎತ್ತಿಕೊಂಡ. ಅಯ್ನೋರ ಜಗಲಿಯನ್ನು ಅವನು ಮುಟ್ಟಿದ್ದ, ಅಯ್ನೋರು ಏನೂ ಅನ್ನಲಿಲ್ಲ.

"ತಗಳವ್ವ. ಬರ್ತವ್ನಂತೆ. ನಿನ್ ಬರಿಗೈ ನನ್ ಕೈಲಿ ನೋಡಾಕಾಗಕಿಲ್ಲ. ಒತ್ತವ್ವ ಹೆಬ್ಬೆಟ್ಟು, ಮುಗುದೋಗ್ಲಿ."

ಅವಳು ಮಾವನ ಕೈಯಿಂದ ಬಳೆಗಳನ್ನು ಬಿಡಿಸಿದಳು, ಒಂದೂ ಒಡೆಯದ ಹಾಗೆ. ಎಲ್ಲಿದ್ದವೋ ಅಲ್ಲೇ ಕಾಗದದ ಮೇಲೆ ಇಟ್ಟಳು. ಆಮೇಲೆ ಲಕೋಟೆಯನ್ನು ನೋಡಿದಳು. ತುಂಬ ಹೊತ್ತು ನೋಡಿದಳು. ವಿಳಾಸದ ಮಸಿ ಅಲ್ಲಲ್ಲಿ ಹರಡಿತ್ತು, ಚೊಂಬಿನ ನೀರಿಗೆ. ಅವನು ಅದನ್ನು ಬೆರಳಿನಿಂದ ಅವಳ ಕಡೆಗೆ ತಳ್ಳಿದ, ಇನ್ನೂ ಸ್ವಲ್ಪ ತಳ್ಳಿದ. ಅದು ಜಗಲಿಯ ಅಂಚಿನಿಂದ ಅರ್ಧ ಹೊರಗೆ ಬಂದು ನಿಂತಿತು.

"ಮೂಲೆ ಕತ್ತರಿಸಿದೋನಿಗೆ ಜೈಲು ಅಂದಿದ್ರಿ," ಎಂದಳು. "ನಮ್ ಮಾವನ ಕಿವಿ ಹಿಡ್ಕಂಡು ಯೋಳಿದ್ರಿ. ಒಂದು ಗೀರು ಬಿದ್ರೂ ಮದ್ಗಿರೀಲಿ ಕೇಳ್ತಾರೆ ಅಂತ. ಇವ್ರೆಲ್ಲ ಅಲ್ಲೇ ಇದ್ರು."

ನಾವು ಅಲ್ಲೇ ಇದ್ದೆವು. ಹುಣಸೆಮರದ ನೆರಳು ಅಂದು ಇನ್ನೂ ಹಿಂದೆ ಇತ್ತು, ನಾವು ಬಿಸಿಲಿಗೆ ಬಂದು ನಿಂತಿದ್ದೆವು.

"ಲೇ, ಅದೆಲ್ಲ ಯಾಕೀಗ?" ಅಯ್ನೋರು ಮಸಿಯ ಡಬ್ಬಿಯನ್ನು ಮುಂದಕ್ಕೆ ಸರಿಸಿದರು. "ಗಂಡ ಬದುಕವ್ನೆ ಅಂತಿದೀನಿ. ಬೇಡ್ವೇನೆ ನಿಂಗೆ ಗಂಡ?"

"ಬೇಕು."

"ಮತ್ತೆ ತಗೊ."

ಬೈರಪ್ಪ ಕೂತವನು ಎದ್ದ. ಯಾರೂ ಹೇಳದೆ ಚೀಲದ ಬಾಯಿಯ ಹಗ್ಗ ಸಡಿಲಿಸಿ, ಎರಡು ಕೈಯಲ್ಲಿ ಅಗಲಿಸಿ ಹಿಡಿದು, ಜಗಲಿಯ ಬುಡಕ್ಕೇ ಬಂದು ನಿಂತ. ಇಷ್ಟು ಹತ್ತಿರ ಅವನು ಎಂದೂ ಬಂದಿರಲಿಲ್ಲ. ನೀರಿನ ಚೊಂಬು ಒಳಗಿನಿಂದ ಬರಲಿಲ್ಲ.

"ಬ್ಯಾಡ," ಎಂದಳು ಕೊಲ್ಲಾಪುರಮ್ಮ. "ವಾಪಸ್ ಕಳ್ಸಿ."